ಉಷ್ಣವೂ ತಾಪಮಾನವೂ: ಗ್ರಾಫಿಕ್ಸ್ ಕಾರ್ಡಿನ ವಿದ್ಯುದ್ವ್ಯಯವನ್ನು ಕುರಿತ ವಿಚಾರ

ಗಣಕಯಂತ್ರದಲ್ಲಿ ಚಿತ್ರಗಳನ್ನು ಲೆಕ್ಕಹಾಕಿ ರಚಿಸಿ ಪರದೆಗೆ ಒಪ್ಪಿಸುವ ಕಾರ್ಯಕ್ಕಾಗಿಯೇ ಮೀಸಲಾಗಿರುವ ಉಪಕರಣಕ್ಕೆ ಗ್ರಾಫಿಕ್ಸ್ ಕಾರ್ಡೆಂದು ಹೆಸರು. ಮೊದಲಲ್ಲಿ ಆಟಗಳಿಗೂ ಚಲಚ್ಚಿತ್ರದ ಕೆಲಸಕ್ಕೂ ಹೆಚ್ಚಾಗಿ ಬಳಕೆಯಾಗುತ್ತಿದ್ದ ಈ ಉಪಕರಣವು ಈಚೆಗೆ ಕೃತಕ ಬುದ್ಧಿಮತ್ತೆಯ ಗಣನೆಗೂ ಆಧಾರವಾಗಿ, ವಿದ್ಯುತ್ತನ್ನು ಬಹಳವಾಗಿ ಬೇಡುವ ವಸ್ತುವೆಂದು ಪ್ರಸಿದ್ಧಿಗೆ ಬಂದಿದೆ. ಕೆಲಸಮಾಡುವಾಗ ಇದು ಬಿಸಿಯಾಗುವುದೆಂಬುದು ಸರ್ವಾನುಭವಸಿದ್ಧ. ಆದರೆ ಆ ಬಿಸಿಗೂ ಅದು ಸೆಳೆದುಕೊಳ್ಳುವ ವಿದ್ಯುತ್ತಿಗೂ ಇರುವ ಸಂಬಂಧವೆಂತಹುದು ಎಂದು ಕೇಳಿದರೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಯಾವ ಕಾರ್ಡು ಹೆಚ್ಚು ಬಿಸಿಯಾಗುವುದೋ ಅದು ಹೆಚ್ಚು ವಿದ್ಯುತ್ತನ್ನು ನುಂಗುವುದು, ತಣ್ಣಗಿರುವುದು ಕಡಮೆ ನುಂಗುವುದು ಎಂಬುದು ಒಂದು. ವಿದ್ಯುತ್ತಿನ ಬಹುಭಾಗವು ಲೆಕ್ಕಮಾಡುವ ಕೆಲಸಕ್ಕೆ ವಿನಿಯೋಗವಾಗಿ, ಮಿಕ್ಕ ಸ್ವಲ್ಪ ಮಾತ್ರ ಉಷ್ಣವಾಗಿ ಪೋಲಾಗುವುದು ಎಂಬುದು ಇನ್ನೊಂದು. ಎರಡೂ ಮೇಲುನೋಟಕ್ಕೆ ಯುಕ್ತವೆಂದು ತೋರುವುವು. ಎರಡೂ ಪರೀಕ್ಷೆಗೆ ನಿಲ್ಲವು. ಇವೆರಡರ ಮೂಲದಲ್ಲಿಯೂ ಪದಾರ್ಥದ ತೊಡಕಿಗಿಂತ ಪದದ ತೊಡಕೇ ಹೆಚ್ಚಾಗಿರುವುದರಿಂದ ಸಾಹಿತ್ಯೋಪಾಧ್ಯಾಯರೂ ಈ ವಿಷಯವನ್ನು ಉದಾಸೀನಮಾಡತಕ್ಕುದಲ್ಲ.

ಮೊದಲು ಪದಗಳನ್ನು ನೋಡತಕ್ಕುದು. ಕನ್ನಡದಲ್ಲಿ ಬಿಸಿ, ಕಾವು, ಸೆಕೆ, ಶಾಖ, ಉಷ್ಣ, ಉಷ್ಣತೆ, ಉಷ್ಣಾಂಶ, ತಾಪ, ತಾಪಮಾನ ಎಂಬ ಹಲವು ಮಾತುಗಳುಂಟು. ಬಳಕೆಯ ಮಾತಿನಲ್ಲಿ ಇವು ಒಂದರ ಸ್ಥಾನದಲ್ಲಿ ಇನ್ನೊಂದು ಬಂದರೂ ಬಾಧಕವಿಲ್ಲ. ಶಾಸ್ತ್ರದಲ್ಲಿ ಹಾಗಲ್ಲ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ ಬೇರೆ. ಆ ವಸ್ತು ಎಷ್ಟು ಡಿಗ್ರಿಯಲ್ಲಿದೆ ಎಂಬ ಮಟ್ಟ ಬೇರೆ. ಮೊದಲನೆಯದನ್ನು ಜೌಲುಗಳಲ್ಲಿ ಅಳೆಯುವರು, ಎರಡನೆಯದನ್ನು ಡಿಗ್ರಿಗಳಲ್ಲಿ. ಪತ್ರಿಕೆಗಳ ಹವಾಮಾನ ವರದಿಯಲ್ಲಿ ‘ಗರಿಷ್ಠ ಉಷ್ಣಾಂಶ’ ಎಂದು ಅಚ್ಚಾಗುವುದು ಡಿಗ್ರಿಯ ಲೆಕ್ಕ. ಆದರೆ ಆ ಪದದ ಅವಯವಾರ್ಥ ‘ಉಷ್ಣದ ಪಾಲು’ ಎಂದಾಗಿ, ಕೇಳಿದವರಿಗೆ ಪರಿಮಾಣದ ಭ್ರಾಂತಿಯನ್ನು ಹುಟ್ಟಿಸುತ್ತದೆ. ‘ಉಷ್ಣತೆ’ ಎಂಬುದು ಭಾವವಾಚಕವಾಗಿ ಒಮ್ಮೆ ಶಕ್ತಿಗೂ ಒಮ್ಮೆ ಮಟ್ಟಕ್ಕೂ ಸಲ್ಲುತ್ತದೆ. ಆದುದರಿಂದ ಪ್ರಕೃತ ಲೇಖನದಲ್ಲಿ ಹರಿಯುವ ಶಕ್ತಿಗೆ ‘ಉಷ್ಣ’ವೆಂದೂ, ಡಿಗ್ರಿಯ ಮಟ್ಟಕ್ಕೆ ‘ತಾಪಮಾನ’ವೆಂದೂ ಮಾತ್ರ ಹೇಳಿದೆ. ಹದಿನೆಂಟನೆಯ ಶತಮಾನದ ನಡುವಿನವರೆಗೆ ಯೂರೋಪಿನಲ್ಲಿಯೂ ಈ ಎರಡು ಬೆರೆತೇ ಇದ್ದುವು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯಪಂಡಿತನು ೧೭೬೦ರ ಆಸುಪಾಸಿನಲ್ಲಿ, ಕರಗುತ್ತಿರುವ ಮಂಜುಗಡ್ಡೆಯು ಉಷ್ಣವನ್ನು ಎಡೆಬಿಡದೆ ಹೀರಿಕೊಳ್ಳುತ್ತಿದ್ದರೂ ಅದರ ತಾಪಮಾನ ಏರುವುದಿಲ್ಲವೆಂದು ತೋರಿಸಿ ಇವುಗಳನ್ನು ಬೇರ್ಪಡಿಸಿದನು. ನಮ್ಮ ದೇಶದ ವೈಶೇಷಿಕರು ಉಷ್ಣಸ್ಪರ್ಶವನ್ನು ತೇಜಸ್ಸಿನ ಗುಣವೆಂದು ಹೇಳಿ, ಕಾದ ನೀರಿನಲ್ಲಿ ತೋರುವ ಬಿಸಿಯು ನೀರಿನ ಸ್ವಭಾವವಲ್ಲ, ಅದರೊಳಗೆ ಹೊಕ್ಕ ತೇಜಸ್ಸಿನದು ಎಂದು ನಿರ್ಣಯಿಸಿದರು. ಅವರ ವಿಚಾರವು ಗುಣದ ಆಶ್ರಯವನ್ನು ಕುರಿತದ್ದು, ಅಳತೆಯನ್ನು ಕುರಿತದ್ದಲ್ಲ. ಆದರೂ ಬಿಸಿ ತೋರುವ ಸ್ಥಳವೂ ಬಿಸಿ ಹುಟ್ಟಿದ ಸ್ಥಳವೂ ಒಂದೇ ಆಗಬೇಕೆಂಬ ನಿಯಮವಿಲ್ಲವೆಂಬ ಎಚ್ಚರವು ಅಲ್ಲಿ ಇದೆ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿಯೂ ಆ ಎಚ್ಚರ ಬೇಕು.

ಇನ್ನು ಎರಡನೆಯ ಮತವನ್ನೇ ಮೊದಲು ಪರಿಶೀಲಿಸುವುದು ಅನುಕೂಲ. ನೀರೆತ್ತುವ ಪಂಪಿಗೆ ಕೊಟ್ಟ ವಿದ್ಯುತ್ತಿನ ಒಂದು ಪಾಲು ನೀರನ್ನು ಮೇಲಕ್ಕೆ ಏರಿಸುವುದರಲ್ಲಿ ವಿನಿಯೋಗವಾಗುವುದು. ಮೇಲೇರಿದ ನೀರಿನಲ್ಲಿ ಆ ಶಕ್ತಿ ಅಡಗಿರುವುದು. ಉಳಿದದ್ದು ಪಂಪಿನ ಮೈಯನ್ನು ಬಿಸಿಮಾಡುವುದು. ಇದನ್ನು ನೋಡಿದವರು, ಕಾರ್ಡಿನಲ್ಲಿಯೂ ಒಂದು ಪಾಲು ಗಣನೆಯೊಳಕ್ಕೆ ಹೋಗಿರಬೇಕೆಂದು ಊಹಿಸುವುದು ಸಹಜ. ಆದರೆ ಗಣನೆಯು ನೀರಿನಂತೆ ಎತ್ತರದಲ್ಲಿ ನಿಲ್ಲುವ ವಸ್ತುವಲ್ಲ. ಲೆಕ್ಕ ಮುಗಿದ ಮೇಲೆ ಉಳಿಯುವುದು ಸೊನ್ನೆ ಒಂದುಗಳ ಒಂದು ವಿನ್ಯಾಸ. ಆ ವಿನ್ಯಾಸದಲ್ಲಿ ಗಣನೀಯವಾದ ಶಕ್ತಿ ಶೇಖರವಾಗಿರುವುದಿಲ್ಲ. ಪರದೆಯ ಕಡೆಗೆ ಹೋಗುವ ತಂತಿಯಲ್ಲಿ ಸಂಕೇತದೊಡನೆ ಸಾಗುವ ಶಕ್ತಿ ಅತ್ಯಲ್ಪ. ಪರದೆಯನ್ನು ಬೆಳಗಿಸುವ ವಿದ್ಯುತ್ತನ್ನು ಪರದೆಯೇ ಬೇರೆಯಾಗಿ ಪಡೆದುಕೊಳ್ಳುತ್ತದೆ. ಕಾರ್ಡಿನ ಬೀಸಣಿಗೆ ತಿರುಗುವುದರಲ್ಲಿ ವ್ಯಯವಾದದ್ದೂ, ಗಾಳಿಯ ಚಲನೆ ಅಡಗಿದೊಡನೆ, ಕೊಠಡಿಯ ಉಷ್ಣವೇ ಆಗುವುದು. ಅದು ಮಾಡುವ ಶಬ್ದವೂ ಗೋಡೆಗಳಲ್ಲಿ ಲೀನವಾಗಿ ಕಡೆಗೆ ಉಷ್ಣವೇ. ಹೀಗೆ ಲೆಕ್ಕಹಾಕುತ್ತ ಬಂದರೆ ಕಾರ್ಡಿನೊಳಕ್ಕೆ ಹೊಕ್ಕ ವಿದ್ಯುಚ್ಛಕ್ತಿ ಎಷ್ಟೋ ಅಷ್ಟೂ ಉಷ್ಣವಾಗಿ ಹೊರಬರುವುದೆಂದೇ ಹೇಳಬೇಕಾಗುವುದು. ಮುನ್ನೂರು ವ್ಯಾಟ್ ಸೆಳೆಯುವ ಕಾರ್ಡು ಮುನ್ನೂರು ವ್ಯಾಟಿನ ಕಾಯಿಸುವ ಯಂತ್ರವೂ ಆಗಿದೆ; ನಡುವೆ ಚಿತ್ರವನ್ನೂ ಬರೆಯುತ್ತದೆ, ಅಷ್ಟೆ.

ಗಣನೆಗೆ ಸ್ವಂತವಾದ ವೆಚ್ಚವೇ ಇಲ್ಲವೆ ಎಂಬ ಪ್ರಶ್ನೆಗೂ ವಿಜ್ಞಾನಿಗಳು ಉತ್ತರ ಕೊಟ್ಟಿದ್ದಾರೆ. ಐಬಿಎಂ ಸಂಸ್ಥೆಯ ರಾಲ್ಫ್ ಲ್ಯಾಂಡಾವರ್ ೧೯೬೧ರಲ್ಲಿ, ಒಂದು ಬಿಟ್ಟನ್ನು ಅಳಿಸಿಹಾಕುವುದಕ್ಕೆ ತಪ್ಪಿಸಲಾಗದ ಒಂದು ಕನಿಷ್ಠ ಉಷ್ಣವನ್ನು ಹೊರಚೆಲ್ಲಲೇಬೇಕೆಂದು ಪ್ರತಿಪಾದಿಸಿದನು. ಸಾಧಾರಣ ಕೊಠಡಿಯ ತಾಪಮಾನದಲ್ಲಿ ಅದು ಎಷ್ಟೆಂದರೆ, ಒಂದು ಜೌಲನ್ನು ಕೋಟಿಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಕೋಟಿಯಿಂದ ಭಾಗಿಸಿ, ಮತ್ತೊಮ್ಮೆ ಕೋಟಿಯಿಂದ ಭಾಗಿಸಿದರೆ ದೊರೆಯುವ ಪಾಲಿನ ಸುಮಾರು ಮೂರರಷ್ಟು. ಇಂದಿನ ಯಂತ್ರಗಳ ವೆಚ್ಚವು ಈ ಮೇರೆಗಿಂತ ಬಹಳ ಬಹಳ ಮೇಲಿದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆ ಕನಿಷ್ಠ ವೆಚ್ಚವೂ ಗಣನೆಯೊಳಗೆ ಉಳಿಯದೆ ಉಷ್ಣವಾಗಿಯೇ ಹೊರಬೀಳುತ್ತದೆಂಬುದು.

ಹಾಗಾದರೆ ಆ ವಿದ್ಯುತ್ತು ವ್ಯಯವಾಗುವ ಬಗೆ ಯಾವುದು? ಕಾರ್ಡಿನ ನಡುವೆ ಇರುವ ಸಿಲಿಕಾನಿನ ತುಂಡಿನಲ್ಲಿ ಟ್ರಾನ್ಸಿಸ್ಟರುಗಳೆಂಬ ಅತಿಸೂಕ್ಷ್ಮವಾದ ಬಾಗಿಲುಗಳಿವೆ. ೨೦೨೨ರ ಅಕ್ಟೋಬರಿನಲ್ಲಿ ಹೊರಬಂದ ಎನ್ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ ೪೦೯೦ ಎಂಬ ಕಾರ್ಡಿನಲ್ಲಿ, ಸುಮಾರು ೬೦೮ ಚದರ ಮಿಲಿಮೀಟರಿನ ತುಂಡಿನೊಳಗೆ, ಇವುಗಳ ಸಂಖ್ಯೆ ೭,೬೩೦ ಕೋಟಿ. ಒಂದು ಬಾಗಿಲು ಸೊನ್ನೆಯಿಂದ ಒಂದಕ್ಕೆ ಮಗುಚಬೇಕಾದರೆ ಅದಕ್ಕೂ ಅದಕ್ಕೆ ಸೇರಿದ ತಂತಿಗೂ ಒಂದಿಷ್ಟು ವಿದ್ಯುದಾವೇಶವನ್ನು ತುಂಬಬೇಕು. ಮರಳಿ ಸೊನ್ನೆಯಾಗಬೇಕಾದರೆ ಆ ಆವೇಶವನ್ನು ನೆಲಕ್ಕೆ ಬಿಡಬೇಕು. ಕೊಡವನ್ನು ತುಂಬುವುದು, ಚೆಲ್ಲುವುದು. ಮತ್ತೆ ತುಂಬುವುದು, ಮತ್ತೆ ಚೆಲ್ಲುವುದು. ತುಂಬುವಾಗ ಅರ್ಧದಷ್ಟು ಶಕ್ತಿ ದಾರಿಯ ಅಡ್ಡಿಯಲ್ಲಿ ಉಷ್ಣವಾಗುವುದು, ಉಳಿದರ್ಧ ಚೆಲ್ಲುವಾಗ ಉಷ್ಣವಾಗುವುದು. ಮೇಲೆ ಹೇಳಿದ ಕಾರ್ಡಿನಲ್ಲಿ ಕಾಲಗತಿಯನ್ನು ನಿಯಮಿಸುವ ತಾಳವು ಸೆಕೆಂಡಿಗೆ ಸುಮಾರು ೨೫೦ ಕೋಟಿ ಬಾರಿ ಬೀಳುತ್ತದೆ. ಒಂದೊಂದು ಕೊಡ ಅತಿ ಚಿಕ್ಕದಾದರೂ ಕೊಡಗಳ ಸಂಖ್ಯೆಯನ್ನೂ ಬಾರಿಗಳ ಸಂಖ್ಯೆಯನ್ನೂ ಗುಣಿಸಿದರೆ ನೂರಾರು ವ್ಯಾಟ್ ಆಗುವುದು ಆಶ್ಚರ್ಯವಲ್ಲ. ಇದು ಮಗುಚುವಿಕೆಯ ವೆಚ್ಚ. ಇದಲ್ಲದೆ, ಮುಚ್ಚಿದ ಬಾಗಿಲಿನ ಸಂದಿಯಲ್ಲಿಯೂ ಸ್ವಲ್ಪ ವಿದ್ಯುತ್ತು ಸದಾ ಸೋರುತ್ತಿರುವುದು. ಅದು ಸೋರಿಕೆಯ ವೆಚ್ಚ. ಈ ಎರಡನೆಯದರ ವಿಷಯ ಮುಂದೆ ಬರುವುದು.

ಇಷ್ಟು ಉಷ್ಣವೆಂದರೆ ಎಷ್ಟು ಎಂಬುದು ಮನಸ್ಸಿಗೆ ನಾಟಬೇಕಾದರೆ ಮನೆಯ ಲೆಕ್ಕವೇ ಒಳ್ಳೆಯದು. ಆರ್‌ಟಿಎಕ್ಸ್ ೪೦೯೦ಕ್ಕೆ ತಯಾರಕರು ಹೇಳಿರುವ ಪ್ರಮಾಣ ೪೫೦ ವ್ಯಾಟ್. ಅದು ಪೂರ್ಣಶ್ರಮದಲ್ಲಿ ಒಂದು ಗಂಟೆ ದುಡಿದರೆ ೧೬ ಲಕ್ಷ ಜೌಲುಗಳಿಗಿಂತ ಸ್ವಲ್ಪ ಹೆಚ್ಚು ಉಷ್ಣವನ್ನು ಹೊರಚೆಲ್ಲುವುದು. ಇಷ್ಟರಿಂದ ೨೫ ಡಿಗ್ರಿಯಲ್ಲಿರುವ ಐದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೊಠಡಿಯಲ್ಲಿರುವ ಗಾಳಿಯ ತೂಕ ಸುಮಾರು ೪೩ ಕಿಲೋಗ್ರಾಂ. ಗೋಡೆ, ನೆಲ, ಸಾಮಾನುಗಳು ಏನನ್ನೂ ಹೀರಿಕೊಳ್ಳದೆ ಆ ಉಷ್ಣವೆಲ್ಲ ಗಾಳಿಯಲ್ಲಿಯೇ ನಿಂತಿತೆಂದು ಇಟ್ಟುಕೊಂಡರೆ ಒಂದು ಗಂಟೆಯಲ್ಲಿ ತಾಪಮಾನವು ೩೭ ಡಿಗ್ರಿ ಏರಬೇಕಾಗುತ್ತಿತ್ತು. ಗೋಡೆಗಳು ಹೀರುವುದರಿಂದಲೂ ಕಿಟಕಿಯಿಂದ ಗಾಳಿ ಆಡುವುದರಿಂದಲೂ ಹಾಗಾಗುವುದಿಲ್ಲ. ಆದರೂ ಬಾಗಿಲು ಮುಚ್ಚಿದ ಚಿಕ್ಕ ಕೊಠಡಿಯಲ್ಲಿ ಸೆಕೆ ಹೆಚ್ಚುವುದಕ್ಕೆ ಇದು ಸಾಕು. ಆ ಸೆಕೆಯನ್ನು ನೀಗಲು ಹವಾನಿಯಂತ್ರಕವನ್ನು ಇಟ್ಟರೆ, ಒಳಗಿನ ೪೫೦ ವ್ಯಾಟನ್ನು ಹೊರಕ್ಕೆ ಸಾಗಿಸುವುದಕ್ಕೆ ಅದು ಮತ್ತೆ ಸುಮಾರು ಮೂರರಲ್ಲೊಂದು ಪಾಲಿನಷ್ಟು ವಿದ್ಯುತ್ತನ್ನು ಬೇಡುವುದು. ಹೀಗೆ ಒಂದೇ ವೆಚ್ಚಕ್ಕೆ ಎರಡು ಸಲ ತೆರಬೇಕಾಗುವುದು.

ಈಗ ಮೊದಲನೆಯ ಮತಕ್ಕೆ ಬರಬಹುದು. ‘ಈ ಕಾರ್ಡು ಹೆಚ್ಚು ವಿದ್ಯುತ್ತನ್ನು ವ್ಯಯಮಾಡುತ್ತದೆ, ಹೆಚ್ಚಿನ ತಾಪಮಾನವುಳ್ಳದ್ದಾದುದರಿಂದ’ ಎಂಬ ಅನುಮಾನವನ್ನು ನೈಯಾಯಿಕರ ಒರೆಗಲ್ಲಿಗೆ ಹಚ್ಚಿದರೆ ಅದರ ಬಣ್ಣ ಬಯಲಾಗುವುದು. ಹೇತುವು ಇರುವ ಎಡೆಯಲ್ಲೆಲ್ಲ ಸಾಧ್ಯವೂ ಇರಬೇಕು. ಇಲ್ಲದಿದ್ದರೆ ಹೇತುವು ವ್ಯಭಿಚಾರಿ. ಬೆಂಕಿಯಿದೆಯೆಂಬ ಮಾತ್ರದಿಂದ ಹೊಗೆಯನ್ನು ಊಹಿಸಹೊರಟವನಿಗೆ ಕೆಂಪಗೆ ಕಾದ ಕಬ್ಬಿಣದ ಗುಂಡು ಹೇಗೆ ಅಡ್ಡ ಬರುವುದೋ, ಇಲ್ಲಿಯೂ ಹಾಗೆಯೇ ಅಡ್ಡ ಬರುವ ಉದಾಹರಣೆಗಳಿವೆ. ೨೦೧೬ರಲ್ಲಿ ಬಂದ ಜಿಟಿಎಕ್ಸ್ ೧೦೮೦ ಎಂಬ ಕಾರ್ಡಿನ ವಿದ್ಯುದ್ವ್ಯಯ ೧೮೦ ವ್ಯಾಟ್. ಎನ್ವಿಡಿಯಾ ಸಂಸ್ಥೆಯೇ ಮಾರಿದ, ಒಂದೇ ಬೀಸಣಿಗೆಯುಳ್ಳ ಅದರ ಮಾದರಿಯು ಶ್ರಮದಲ್ಲಿರುವಾಗ ಸುಮಾರು ೮೨ ಡಿಗ್ರಿಯವರೆಗೆ ಏರುತ್ತಿತ್ತು. ಅದೇ ಸಂಸ್ಥೆಯ ೪೫೦ ವ್ಯಾಟಿನ ಆರ್‌ಟಿಎಕ್ಸ್ ೪೦೯೦ವು ಎಪ್ಪತ್ತರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎರಡೂವರೆ ಪಟ್ಟು ವಿದ್ಯುತ್ತನ್ನು ನುಂಗುವುದು ತಣ್ಣಗಿದೆ. ಕಡಮೆ ನುಂಗುವುದು ಬಿಸಿಯಾಗಿದೆ. ೨೦೧೩ರಲ್ಲಿ ಎಎಂಡಿ ಸಂಸ್ಥೆಯ ಆರ್೯ ೨೯೦ಎಕ್ಸ್ ಎಂಬುದು ೯೫ ಡಿಗ್ರಿಗೆ ಏರಿ, ಅಲ್ಲಿಯೇ ನಿಂತು ದುಡಿಯುತ್ತಿದ್ದುದು ಆ ಕಾಲದಲ್ಲಿ ಬಹಳ ಚರ್ಚೆಗೆ ಆಸ್ಪದವಾಯಿತು. ಅದರ ವಿದ್ಯುದ್ವ್ಯಯವಾದರೋ ಮುನ್ನೂರು ವ್ಯಾಟಿನ ಒಳಗೆಯೇ ಇತ್ತು. ಅದೇ ಸಿಲಿಕಾನಿಗೆ ಬೇರೆ ತಯಾರಕರು ದೊಡ್ಡ ಶೈತ್ಯಸಾಧನವನ್ನು ತೊಡಿಸಿ ಮಾರಿದಾಗ ತಾಪಮಾನವು ಬಹಳ ಕೆಳಗಿಳಿಯಿತು. ಕೊಠಡಿಗೆ ಸೇರುವ ಉಷ್ಣ ಮಾತ್ರ ಹೆಚ್ಚುಕಡಮೆ ಅಷ್ಟೇ ಉಳಿಯಿತು.

ಇದಕ್ಕೆ ಕಾರಣವು ಸರಳವಾಗಿದೆ. ಕಾರ್ಡಿನ ತಾಪಮಾನವು ಉಷ್ಣವು ಎಷ್ಟು ಹುಟ್ಟುತ್ತದೆ ಎಂಬುದೊಂದರಿಂದಲೇ ನಿರ್ಣಯವಾಗುವುದಿಲ್ಲ. ಅದು ಎಷ್ಟು ಸುಲಭವಾಗಿ ಹೊರಹೋಗಬಲ್ಲದು ಎಂಬುದರಿಂದಲೂ, ಸುತ್ತಲಿನ ಗಾಳಿಯು ಎಷ್ಟು ಡಿಗ್ರಿಯಲ್ಲಿದೆ ಎಂಬುದರಿಂದಲೂ ನಿರ್ಣಯವಾಗುವುದು. ಒಂದು ಶೈತ್ಯಸಾಧನದಲ್ಲಿ ಒಂದೊಂದು ವ್ಯಾಟಿಗೂ ತಾಪಮಾನವು ೦.೧೫ ಡಿಗ್ರಿ ಏರುವುದೆಂದು ಇಟ್ಟುಕೊಂಡರೆ, ಮುನ್ನೂರು ವ್ಯಾಟಿಗೆ ೪೫ ಡಿಗ್ರಿ ಏರಿ, ಗಾಳಿಯು ೩೦ ಡಿಗ್ರಿಯಲ್ಲಿರುವಾಗ ಕಾರ್ಡು ೭೫ರಲ್ಲಿ ನಿಲ್ಲುವುದು. ವ್ಯಾಟಿಗೆ ೦.೧೦ ಡಿಗ್ರಿ ಮಾತ್ರ ಏರುವ ಉತ್ತಮ ಸಾಧನದಲ್ಲಿ ಅದೇ ಕಾರ್ಡು ೬೦ರಲ್ಲಿ ನಿಲ್ಲುವುದು. ಮೊದಲನೆಯ ಸಾಧನವನ್ನೇ ಕಲಬುರಗಿಯ ಮೇ ತಿಂಗಳ ೪೨ ಡಿಗ್ರಿಯ ಮಧ್ಯಾಹ್ನದಲ್ಲಿ ಇಟ್ಟರೆ ೮೭ ಆಗುವುದು. ಈ ಮೂರು ಸಂದರ್ಭಗಳಲ್ಲಿಯೂ ಕೊಠಡಿಗೆ ಸೇರುವ ಉಷ್ಣವು ಸೆಕೆಂಡಿಗೆ ಮುನ್ನೂರು ಜೌಲೇ. ತಾಪಮಾನ ಏರುತ್ತಿರುವಷ್ಟು ಹೊತ್ತು ಒಂದಿಷ್ಟು ಉಷ್ಣವು ಲೋಹದ ಮೈಯಲ್ಲಿ ಶೇಖರವಾಗುವುದೇನೋ ನಿಜ. ಏರುವುದು ನಿಂತ ಮೇಲೆ ಒಳಹೊಕ್ಕಷ್ಟೂ ಹೊರಬೀಳಲೇಬೇಕು. ಉತ್ತಮ ಸಾಧನದಿಂದ ಹೊರಡುವ ಗಾಳಿಯು ಬೆಚ್ಚಗಷ್ಟೇ ಇದ್ದರೂ ಅದರ ಪ್ರಮಾಣ ಹೆಚ್ಚು. ಅಧಮ ಸಾಧನದಿಂದ ಹೊರಡುವುದು ಸುಡುವಂತಿದ್ದರೂ ಪ್ರಮಾಣ ಕಡಮೆ. ಕೈಯಿಟ್ಟು ನೋಡಿ ವೆಚ್ಚವನ್ನು ಹೇಳಹೊರಡುವವನು ಮೋಸಹೋಗುವುದು ಇಲ್ಲಿಯೇ.

ಶೈತ್ಯಸಾಧನದ ರಚನೆಯೂ ನೋಡತಕ್ಕುದಾಗಿದೆ. ಆರ್‌ಟಿಎಕ್ಸ್ ೪೦೯೦ದ ೪೫೦ ವ್ಯಾಟ್ ಎಲ್ಲವೂ ಸಿಲಿಕಾನಿನ ತುಂಡಿನಲ್ಲಿಯೇ ಹುಟ್ಟುವುದಿಲ್ಲ, ಸ್ವಲ್ಪ ಭಾಗವು ಸ್ಮೃತಿಕೋಶಗಳಲ್ಲಿಯೂ ವಿದ್ಯುತ್ತನ್ನು ಹದಗೊಳಿಸುವ ಭಾಗಗಳಲ್ಲಿಯೂ ಹುಟ್ಟುವುದು. ಆದರೂ ಆ ತುಂಡಿನ ಒಂದೊಂದು ಚದರ ಸೆಂಟಿಮೀಟರಿನಿಂದ ಹತ್ತಾರು ವ್ಯಾಟನ್ನು ಎತ್ತಿ ಸಾಗಿಸಬೇಕಾಗಿರುವುದು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿಯಾದರೂ ಚದರ ಸೆಂಟಿಮೀಟರಿಗೆ ಐದಾರು ವ್ಯಾಟಿಗಿಂತ ಹೆಚ್ಚು ಇರುವುದು ಅಪರೂಪ. ಇಷ್ಟು ಇಕ್ಕಟ್ಟಿನಿಂದ ಉಷ್ಣವನ್ನು ಎತ್ತುವುದಕ್ಕೆ ಗಟ್ಟಿಯಾದ ತಾಮ್ರವೂ ಸಾಲದೆ, ಒಳಗೆ ಟೊಳ್ಳಾದ ಲೋಹದ ಸಂಪುಟವೊಂದರಲ್ಲಿ ಸ್ವಲ್ಪ ನೀರನ್ನಿಟ್ಟು, ಗಾಳಿಯನ್ನು ತೆಗೆದು ಮುಚ್ಚಿರುತ್ತಾರೆ. ಒತ್ತಡ ಕಡಮೆಯಾಗಿರುವುದರಿಂದ ನೀರು ನೂರು ಡಿಗ್ರಿಗಿಂತ ಬಹಳ ಕೆಳಗೆಯೇ ಆವಿಯಾಗಿ, ಬಿಸಿಯ ಎಡೆಯಿಂದ ತಣ್ಣನೆಯ ಎಡೆಗೆ ಹಬ್ಬಿ, ಅಲ್ಲಿ ಮತ್ತೆ ನೀರಾಗಿ ಉಷ್ಣವನ್ನು ಬಿಟ್ಟುಕೊಟ್ಟು, ಒಳಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ ಹಿಂದಕ್ಕೆ ಒಸರುವುದು. ಬ್ಲ್ಯಾಕ್ ಪಂಡಿತನು ಮಂಜುಗಡ್ಡೆಯಲ್ಲಿಯೂ ಕುದಿಯುವ ನೀರಿನಲ್ಲಿಯೂ ಗುರುತಿಸಿದ ಗುಪ್ತೋಷ್ಣವೇ ಇಲ್ಲಿ ಹೊರೆಯಾಳಿನ ಕೆಲಸವನ್ನು ಮಾಡುತ್ತಿರುವುದು. ಆ ಮೇಲೆ ತೆಳುವಾದ ಲೋಹದ ರೆಕ್ಕೆಗಳು, ಅವುಗಳ ನಡುವೆ ಬೀಸಣಿಗೆಯ ಗಾಳಿ. ಎನ್ವಿಡಿಯಾ ಸಂಸ್ಥೆಯೇ ಮಾರಿದ ೪೦೯೦ದ ಮಾದರಿಯು ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಗುವುದು. ಅದರ ಬಹುಪಾಲು ಭಾರವು ಗಣನೆಗೆ ಬೇಕಾದದ್ದಲ್ಲ, ಉಷ್ಣವನ್ನು ಕಳೆಯುವುದಕ್ಕೆ ಬೇಕಾದದ್ದು.

ಇನ್ನೊಂದು ಸೂಕ್ಷ್ಮವುಂಟು. ಇಂದಿನ ಕಾರ್ಡುಗಳಲ್ಲಿ ತಾಪಮಾನವು ತಾನಾಗಿ ಬಂದು ನಿಲ್ಲುವ ಫಲವಲ್ಲ, ಮೊದಲೇ ನಿಶ್ಚಯಿಸಿಟ್ಟ ಗುರಿ. ಬೀಸಣಿಗೆಯ ವೇಗವನ್ನು ಏರಿಸುತ್ತ ಇಳಿಸುತ್ತ ಆ ಗುರಿಯ ಬಳಿಯಲ್ಲಿಯೇ ತಾಪಮಾನವನ್ನು ಹಿಡಿದಿಡುವ ವ್ಯವಸ್ಥೆ ಇರುತ್ತದೆ. ಮೇಲೆ ಹೇಳಿದ ಆರ್೯ ೨೯೦ಎಕ್ಸ್ ೯೫ ಡಿಗ್ರಿಯಲ್ಲಿ ನಿಂತದ್ದು ಅದರ ದೌರ್ಬಲ್ಯದಿಂದಲ್ಲ, ಹಾಗೆ ನಿಲ್ಲಲೆಂದೇ ಅದನ್ನು ರಚಿಸಿದ್ದೆಂದು ತಯಾರಕರೇ ಹೇಳಿದರು. ಹೀಗಿರುವಲ್ಲಿ ವಿದ್ಯುದ್ವ್ಯಯವು ಇನ್ನೂರು ವ್ಯಾಟಿನಿಂದ ಮುನ್ನೂರಕ್ಕೆ ಏರಿದರೂ ತಾಪಮಾಪಕವು ಬಹಳವಾಗಿ ಕದಲದೆ, ಬೀಸಣಿಗೆಯ ಸದ್ದು ಮಾತ್ರ ಹೆಚ್ಚಬಹುದು. ವೆಚ್ಚದ ಸುಳಿವನ್ನು ಕೊಡುವುದರಲ್ಲಿ ಇಂತಹ ಯಂತ್ರದಲ್ಲಿ ಕಿವಿಯು ಚರ್ಮಕ್ಕಿಂತ ಮೇಲೆಂದು ಹೇಳಿದರೂ ತಪ್ಪಾಗದು. ೨೦೦೩ರ ಜಿಫೋರ್ಸ್ ಎಫ್‌ಎಕ್ಸ್ ೫೮೦೦ ಅಲ್ಟ್ರಾ ಎಂಬ ಕಾರ್ಡು ತನ್ನ ಶೈತ್ಯಸಾಧನದ ಗದ್ದಲಕ್ಕಾಗಿಯೇ ಹಾಸ್ಯಕ್ಕೆ ಗುರಿಯಾಯಿತು.

ಇಲ್ಲಿಯವರೆಗೆ ವ್ಯಯವು ಕಾರಣ, ಉಷ್ಣವು ಕಾರ್ಯ ಎಂಬ ಒಂದು ದಾರಿಯನ್ನೇ ನೋಡಿದಂತಾಯಿತು. ಮೊದಲನೆಯ ಮತದಲ್ಲಿ ಸತ್ಯದ ಲೇಶವೇ ಇಲ್ಲವೆಂದು ತಳ್ಳಿಹಾಕುವುದೂ ಅನ್ಯಾಯವಾದೀತು. ಏಕೆಂದರೆ ತಾಪಮಾನವು ವ್ಯಯವನ್ನು ಹೆಚ್ಚಿಸುವ ಹಿಮ್ಮುಖದ ದಾರಿಯೂ ಒಂದುಂಟು. ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಸೋರುವ ವಿದ್ಯುತ್ತೆಂದು ಹಿಂದೆ ಹೇಳಿತಷ್ಟೆ. ಸಿಲಿಕಾನು ಕಾದಷ್ಟೂ ಆ ಸೋರಿಕೆ ಹೆಚ್ಚುವುದು. ಅದೂ ಸಮಪ್ರಮಾಣದಲ್ಲಿ ಹೆಚ್ಚದೆ ಚಕ್ರಬಡ್ಡಿಯಂತೆ ಬೆಳೆಯುವುದು. ಸೋರಿಕೆ ಹೆಚ್ಚಿದರೆ ಉಷ್ಣ ಹೆಚ್ಚುವುದು, ಉಷ್ಣ ಹೆಚ್ಚಿದರೆ ತಾಪಮಾನ ಏರುವುದು, ತಾಪಮಾನ ಏರಿದರೆ ಮತ್ತೆ ಸೋರಿಕೆ. ತಾಮ್ರದ ತಂತಿಯ ರೋಧವೂ ಒಂದೊಂದು ಡಿಗ್ರಿಗೆ ನೂರಕ್ಕೆ ೦.೩೯ರಷ್ಟು ಏರುವುದು. ಆದುದರಿಂದ ಒಂದೇ ಕಾರ್ಡು, ಒಂದೇ ವೇಗದಲ್ಲಿ, ಒಂದೇ ಕೆಲಸವನ್ನು ಮಾಡುತ್ತಿರುವಾಗ ತಣ್ಣಗಿದ್ದರೆ ಸ್ವಲ್ಪ ಕಡಮೆ ವಿದ್ಯುತ್ತನ್ನೂ, ಬಿಸಿಯಾಗಿದ್ದರೆ ಸ್ವಲ್ಪ ಹೆಚ್ಚು ವಿದ್ಯುತ್ತನ್ನೂ ತೆಗೆದುಕೊಳ್ಳುವುದು ಸತ್ಯ. ಆದರೆ ಇದು ಒಂದೇ ಕಾರ್ಡಿನ ಎರಡು ಅವಸ್ಥೆಗಳಿಗೆ ಸಲ್ಲುವ ಮಾತು. ಎರಡು ಬೇರೆ ಕಾರ್ಡುಗಳನ್ನು ಹೋಲಿಸುವುದಕ್ಕೆ ಸಲ್ಲುವ ಮಾತಲ್ಲ. ಅಲ್ಲದೆ ತಾಪಮಾನವು ಮೇರೆಯನ್ನು ಮುಟ್ಟಿದರೆ ಕಾರ್ಡು ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ತಗ್ಗಿಸಿಕೊಳ್ಳುವುದು. ಆಗ ಬಿಸಿಯು ಅತಿ ಹೆಚ್ಚಾಗಿರುವಾಗಲೇ ವ್ಯಯವು ಇಳಿಯುವುದು! ಧೂಳು ಕಟ್ಟಿದ ಕಾರ್ಡು ಹೆಚ್ಚು ಬಿಸಿಯಾಗಿ, ಕಡಮೆ ವಿದ್ಯುತ್ತನ್ನು ತೆಗೆದುಕೊಂಡು, ಕಡಮೆ ಕೆಲಸಮಾಡುವುದನ್ನು ಅದರ ಒಡೆಯನು ಎಷ್ಟೋ ವೇಳೆ ಯಂತ್ರವು ಮುದಿಯಾಯಿತೆಂದು ತಿಳಿಯುವುದುಂಟು.

ಉಷ್ಣದ ಒಟ್ಟು ಪ್ರಮಾಣಕ್ಕಿಂತ ಅದು ಹುಟ್ಟುವ ಎಡೆಯೇ ಮುಖ್ಯವಾಗುವುದಕ್ಕೆ ೨೦೨೨ರ ಒಂದು ಪ್ರಸಂಗವು ಸಾಕ್ಷಿಯಾಗಿದೆ. ಆರ್‌ಟಿಎಕ್ಸ್ ೪೦೯೦ಕ್ಕೆ ವಿದ್ಯುತ್ತನ್ನು ಒಯ್ಯುವ, ೬೦೦ ವ್ಯಾಟಿನವರೆಗೆ ಹೊರಬಲ್ಲದೆಂದು ಹೇಳಲಾದ ಹೊಸ ಬಗೆಯ ಕನೆಕ್ಟರು ಕೆಲವರಲ್ಲಿ ಕರಗಿಹೋಯಿತು. ಹನ್ನೆರಡು ವೋಲ್ಟಿನಲ್ಲಿ ೬೦೦ ವ್ಯಾಟೆಂದರೆ ೫೦ ಆಂಪಿಯರ್. ಆರು ಜೊತೆ ಕಡ್ಡಿಗಳಲ್ಲಿ ಹಂಚಿದರೆ ಒಂದೊಂದಕ್ಕೆ ಎಂಟಕ್ಕಿಂತ ಹೆಚ್ಚು. ವಾಹಕದಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ಅನುಸರಿಸುವುದೆಂದು ಇಂಗ್ಲೆಂಡಿನ ಜೇಮ್ಸ್ ಜೌಲ್ ೧೮೪೦ರ ದಶಕದ ಆರಂಭದಲ್ಲಿಯೇ ತೋರಿಸಿದ್ದನು: ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟು. ಕೂಡಿಕೆ ಸಡಿಲವಾದ ಎಡೆಯಲ್ಲಿ ರೋಧ ಹೆಚ್ಚಿ, ಕೆಲವೇ ವ್ಯಾಟಿನ ಉಷ್ಣವು ಹೊರಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ಕನ್ನು ಕರಗಿಸಿತು; ಪಕ್ಕದಲ್ಲಿಯೇ ನೂರಾರು ವ್ಯಾಟಿನ ಸಿಲಿಕಾನು ಸುರಕ್ಷಿತವಾಗಿತ್ತು. ಕನೆಕ್ಟರು ಪೂರ್ತಿಯಾಗಿ ಒಳಸೇರದಿದ್ದುದೇ ಸಾಮಾನ್ಯ ಕಾರಣವೆಂದು ಎನ್ವಿಡಿಯಾ ಆ ವರ್ಷದ ನವೆಂಬರಿನಲ್ಲಿ ತಿಳಿಸಿತು. ೨೦೨೩ರಲ್ಲಿ ಅದರ ರಚನೆಯನ್ನು ತಿದ್ದಲಾಯಿತು.

ಕಾರ್ಡುಗಳ ವ್ಯಯವು ಕಾಲಕ್ರಮದಲ್ಲಿ ಏರಿದ ಬಗೆಯನ್ನು ಚುಟುಕಾಗಿ ಹೇಳುವುದಾದರೆ: ೨೦೦೨ರ ರೇಡಿಯಾನ್ ೯೭೦೦ ಪ್ರೋ ತನ್ನನ್ನು ಸಿಕ್ಕಿಸಿದ ಎಡೆಯಿಂದ ದೊರೆಯುವ ವಿದ್ಯುತ್ತು ಸಾಲದೆ ಬೇರೆ ತಂತಿಯನ್ನು ಬೇಡಿತು, ೨೦೧೦ರ ಜಿಟಿಎಕ್ಸ್ ೪೮೦ ೨೫೦ ವ್ಯಾಟಿಗೆ ಏರಿತು, ೨೦೧೬ರ ೧೦೮೦ ಅದಕ್ಕಿಂತ ಎಷ್ಟೋ ಪಟ್ಟು ಚುರುಕಾಗಿದ್ದೂ ೧೮೦ಕ್ಕೆ ಇಳಿಯಿತು, ೨೦೨೨ರಲ್ಲಿ ೪೫೦, ೨೦೨೫ರ ಆರ್‌ಟಿಎಕ್ಸ್ ೫೦೯೦ದಲ್ಲಿ ೫೭೫. ನಡುವಣ ಇಳಿತವು ಗಮನಾರ್ಹ. ಟ್ರಾನ್ಸಿಸ್ಟರು ಕಿರಿದಾದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಕಿರಿದಾಗಿ, ಒಂದು ಚದರ ಮಿಲಿಮೀಟರಿನ ವ್ಯಯವು ಏರದೆ ಇರುವುದೆಂದು ರಾಬರ್ಟ್ ಡೆನ್ನಾರ್ಡನೂ ಅವನ ಸಂಗಡಿಗರೂ ೧೯೭೪ರಲ್ಲಿ ತೋರಿಸಿಕೊಟ್ಟಿದ್ದರು. ಆ ನಿಯಮವು ೨೦೦೫ರ ಸುಮಾರಿಗೆ ಮುರಿಯಿತು. ಸೋರಿಕೆಯ ಭಯದಿಂದ ವೋಲ್ಟೇಜನ್ನು ಹಿಂದಿನಂತೆ ಇಳಿಸಲಾಗದೆ ಹೋಯಿತು. ಅಲ್ಲಿಂದೀಚೆಗೆ ಹೆಚ್ಚು ಟ್ರಾನ್ಸಿಸ್ಟರುಗಳೆಂದರೆ ಹೆಚ್ಚು ಉಷ್ಣವೆಂಬ ಕಟ್ಟು ಬಿಗಿಯಾಗುತ್ತ ಬಂದಿದೆ.

ವ್ಯಯವನ್ನು ನಿಜವಾಗಿ ತಗ್ಗಿಸಬೇಕೆಂದಿದ್ದರೆ ಬೀಸಣಿಗೆಯನ್ನು ಬದಲಿಸಿ ಪ್ರಯೋಜನವಿಲ್ಲ, ವೋಲ್ಟೇಜನ್ನು ಇಳಿಸಬೇಕು. ಮಗುಚುವಿಕೆಯ ವೆಚ್ಚವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ೧.೦೫ ವೋಲ್ಟಿನಿಂದ ೦.೯೫ಕ್ಕೆ ಇಳಿಸಿದ ಮಾತ್ರದಿಂದಲೇ ಅದು ನೂರಕ್ಕೆ ಹದಿನೆಂಟರಷ್ಟು ಇಳಿಯುವುದು. ವೇಗವನ್ನೂ ನೂರಕ್ಕೆ ಐದರಷ್ಟು ಬಿಟ್ಟುಕೊಟ್ಟರೆ ಇಳಿತವು ಇಪ್ಪತ್ತೆರಡನ್ನು ಮುಟ್ಟುವುದು. ಕೊನೆಯ ಸ್ವಲ್ಪ ವೇಗಕ್ಕಾಗಿ ತಯಾರಕರು ತೆರಿಸುವ ಬೆಲೆ ಎಷ್ಟು ಅತಿಯಾದದ್ದೆಂಬುದು ಇದರಿಂದ ವಿಶದವಾಗುವುದು.

ಹೊರಬಿದ್ದ ಉಷ್ಣವನ್ನು ಮತ್ತೆ ವಿದ್ಯುತ್ತಾಗಿ ಮಾಡಿಕೊಳ್ಳಬಾರದೆ ಎಂದು ಕೇಳುವವರೂ ಉಂಟು. ರಾಯಚೂರಿನ ಬಳಿಯ ಶಕ್ತಿನಗರದಲ್ಲಿರುವ ‘ಶಾಖೋತ್ಪನ್ನ’ ವಿದ್ಯುತ್ ಕೇಂದ್ರದಲ್ಲಿ ನಡೆಯುವುದು ಇದೇ ಅಲ್ಲವೆ, ಅಲ್ಲಿ ಕಲ್ಲಿದ್ದಲಿನ ಉಷ್ಣದಿಂದ ವಿದ್ಯುತ್ತು ಹುಟ್ಟುತ್ತದೆಯಲ್ಲವೆ ಎಂಬುದು ಅವರ ಯುಕ್ತಿ. ಇಲ್ಲಿ ಮತ್ತೆ ಉಷ್ಣಕ್ಕೂ ತಾಪಮಾನಕ್ಕೂ ಇರುವ ಭೇದವೇ ಉತ್ತರ. ಕಲ್ಲಿದ್ದಲಿನ ಉರಿಯಿಂದ ಹುಟ್ಟಿದ ಹಬೆಯು ಐನೂರು ಡಿಗ್ರಿಗಿಂತ ಮೇಲಿರುವುದು. ಅಂತಹ ಎಡೆಯಲ್ಲಿಯೂ ಉಷ್ಣದ ಸುಮಾರು ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುವುದು. ೭೦ ಡಿಗ್ರಿಯ ಕಾರ್ಡಿನಿಂದ ೩೦ ಡಿಗ್ರಿಯ ಗಾಳಿಗೆ ಇಳಿಯುವ ಉಷ್ಣದಿಂದಾದರೋ, ಸರ್ವಾಂಗಸುಂದರವಾದ ಯಂತ್ರವೊಂದಿದ್ದರೂ, ನೂರಕ್ಕೆ ಹನ್ನೆರಡು ಪಾಲನ್ನು ಮೀರಿ ಪಡೆಯಲಾಗದು. ಉಷ್ಣವು ಎಷ್ಟೇ ರಾಶಿಯಾಗಿದ್ದರೂ ತಾಪಮಾನವು ತಗ್ಗಿನಲ್ಲಿದ್ದರೆ ಅದಕ್ಕೆ ಬೆಲೆ ಕಡಮೆ. ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ ೨೦೨೦ರಿಂದ ಗಣಕಕೇಂದ್ರವೊಂದರ ಉಷ್ಣವನ್ನು ಮನೆಗಳನ್ನು ಬೆಚ್ಚಗಿಡುವುದಕ್ಕೆ ಕಳುಹಿಸುತ್ತಿದ್ದಾರೆ. ಚಳಿಯ ನಾಡಿಗೆ ಅದು ಲಾಭ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿಗೆ ಅದೇ ಉಷ್ಣವು ಹೊರೆ.

ಕಡೆಯದಾಗಿ ಪರಿಭಾಷೆಯ ಒಂದು ಮಾತು. ಈ ಉ‌ಪಕರಣಗಳ ವಿವರಪತ್ರದಲ್ಲಿ ‘ಥರ್ಮಲ್ ಡಿಸೈನ್ ಪವರ್’ ಎಂಬೊಂದು ಅಂಕಣವಿರುವುದುಂಟು. ಅದರ ಮುಂದೆ ವ್ಯಾಟುಗಳಲ್ಲಿ ಒಂದು ಸಂಖ್ಯೆಯಿರುತ್ತದೆ. ಇದನ್ನು ಕನ್ನಡದಲ್ಲಿ ‘ಉಷ್ಣ ವಿನ್ಯಾಸ ಸಾಮರ್ಥ್ಯ’ ಎಂದು ಪದಕ್ಕೆ ಪದವನ್ನಿಟ್ಟು ಬರೆದರೆ, ಕಾರ್ಡಿಗೆ ಉಷ್ಣವನ್ನು ತಾಳಿಕೊಳ್ಳುವ ಸಾಮರ್ಥ್ಯ ಇಷ್ಟಿದೆಯೆಂದು ವಿದ್ಯಾರ್ಥಿಯು ತಿಳಿಯುವನು. ಸಂಖ್ಯೆ ದೊಡ್ಡದಾದಷ್ಟೂ ಗಟ್ಟಿಮುಟ್ಟಾದ ಕಾರ್ಡೆಂದು ಹಿಗ್ಗುವನು. ‘ಗರಿಷ್ಠ ಉಷ್ಣಾಂಶ’ವೆಂದು ಬರೆದರೆ ಡಿಗ್ರಿಯ ಲೆಕ್ಕವೆಂದು ತಿಳಿದು ಇನ್ನೂ ದೂರ ಸರಿಯುವನು. ಆ ಸಂಖ್ಯೆಯ ಅರ್ಥವಾದರೋ, ಕಾರ್ಡು ನಿರಂತರವಾಗಿ ದುಡಿಯುತ್ತಿರುವಾಗ ಶೈತ್ಯಸಾಧನವು ಸೆಕೆಂಡಿಗೆ ಇಷ್ಟು ಜೌಲು ಉಷ್ಣವನ್ನು ಹೊರಕ್ಕೆ ಸಾಗಿಸುವಂತಿರಬೇಕು ಎಂಬುದು. ಅದಕ್ಕೆ ‘ನೀಗಬೇಕಾದ ಉಷ್ಣ’ ಎಂಬ ಎರಡು ಮಾತು ಸಾಕು. ಪಕ್ಕದಲ್ಲಿ ವ್ಯಾಟೆಂದು ಇದ್ದೇ ಇರುವುದರಿಂದ ಮಟ್ಟದ ಭ್ರಾಂತಿಗೂ ಎಡೆಯಿರುವುದಿಲ್ಲ.